ನನ್ನ ಪರವಾಗಿ ನೀನು ಕೊಟ್ಟ ಉತ್ತರ

ಶಿಕಾರಿಪುರ
೨ ಮೇ ೨೦೨೫

ಚಿರಂಜೀವಿ ಸಿದ್ಧಲಿಂಗೇಶನಿಗೆ ಅವ್ವನ ಆಶೀರ್ವಾದ.

ಕಿವಿಗೆ ಹೊಕ್ಕ ಸಮುದ್ರದ ನೀರು ಪೂರ್ತಿ ಇಳಿಯಿತೇ? ಹೊಸಪೇಟೆಯ ಬಿಸಿಲಿಗೆ ಇಷ್ಟರಲ್ಲಿ ಒಣಗಿರಬೇಕು. ಡಾಕ್ಟರು ಕೊಟ್ಟ ಹನಿಯನ್ನು ಅರ್ಧಕ್ಕೇ ಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಸೊಸೆ ನೀಲಾಂಬಿಕಳಿಗೆ ಬಿಸಿಲಿಗೆ ಸುಟ್ಟ ಕೈ ವಾಸಿಯಾಯಿತೇ? ಇಲ್ಲಿ ನಿಮ್ಮಪ್ಪ ಆರಾಮಾಗಿದ್ದಾರೆ. ರಜೆಗೆಂದು ನೀವು ಬಿಟ್ಟುಹೋದ ಮಗಳು ಗಂಗಾಶ್ರೀ ಎರಡು ಹೊತ್ತೂ ನನ್ನ ಖಾನಾವಳಿಯ ರೊಟ್ಟಿ ತಿಂದು ಕೆನ್ನೆ ತುಂಬಿಕೊಂಡಿದ್ದಾಳೆ. ಕುಶಲ ಇಷ್ಟು ಸಾಕು. ನನಗೆ ಸಿಟ್ಟು ಬಂದಿದೆ. ಫೋನಿನಲ್ಲಿ ಹೇಳಿದರೆ "ಆತು ಬಿಡವ್ವ, ಆತು ಬಿಡು" ಎಂದು ಇಟ್ಟುಬಿಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ನಿನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಾವೂ ನೆಂಟರೂ ಎಲ್ಲರೂ ಸೇರಿ ಮುರ್ಡೇಶ್ವರಕ್ಕೆ ಹೋಗೋಣ, ಸಮುದ್ರದಲ್ಲಿ ಬೋಟ್ ಹತ್ತೋಣ ಎಂದು ಯುಗಾದಿಯ ದಿನ ನೀನು ಹೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಅರವತ್ಮೂರು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡುವವಳು ನಾನು. ಕೆಲಸದ ಹುಲಿಯಮ್ಮನನ್ನು ಜೊತೆಗೆ ಕೂರಿಸಿಕೊಂಡು ನೂರು ಖಡಕ್ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ. ಘಟ್ಟ ಇಳಿಯುವಾಗ ವ್ಯಾನಿನಲ್ಲಿದ್ದವರೆಲ್ಲ ವಾಂತಿ ಮಾಡಿಕೊಂಡರು, ನಾನೊಬ್ಬಳೇ ಗಟ್ಟಿಯಾಗಿ ಕೂತಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ, ಹೋಗಲಿ.

ದಂಡೆಯ ಮೇಲೆ, ಬಾಳೆಹಣ್ಣಿನಂಥ ಆ ರಬ್ಬರ್ ದೋಣಿ, ಬನಾನಾ ಬೋಟಿನವನು ಒಬ್ಬೊಬ್ಬರಿಗೇ ಲೈಫ್ ಜಾಕೆಟ್ ತೊಡಿಸುತ್ತಾ ನನ್ನ ಹತ್ತಿರ ಬಂದ. ಪಾಪ, ಮರ್ಯಾದೆಯಿಂದಲೇ ಕೇಳಿದ, "ಅಮ್ಮಾ, ನೀವ್ ಬರುದಿಲ್ವಾ?" ಎಂದು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಯಿ ತೆರೆಯುವುದರೊಳಗೆ ನೀನು ಉತ್ತರ ಕೊಟ್ಟಾಗಿತ್ತು. "ನಮ್ಮವ್ವಗೆ ನೀರು ಆಗಲ್ಲ. ಕೊಳ್ಳಾಗೆ ಲಿಂಗ ಐತಿ, ಉಪ್ಪುನೀರು ತಾಗಬಾರ್ದು. ಅವ್ರು ಸಾಮಾನು ನೋಡ್ಕಂತಾರೆ."

ಯಾವ ಶಾಸ್ತ್ರದಲ್ಲಿ ಓದಿದೆಯಪ್ಪ ಇದನ್ನು? ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ನೀರೆರೆದೇ ಪೂಜೆ ಮಾಡುವ ಲಿಂಗಕ್ಕೆ ನೀರು ಆಗುವುದಿಲ್ಲವೇ? ನನ್ನ ತವರು ತೊಗರ್ಸಿಯ ಕೆರೆಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಾಗಲೂ ಅದು ನನ್ನ ಕೊರಳಲ್ಲೇ ಇತ್ತು. ಹನ್ನೆರಡು ವರ್ಷಕ್ಕೆ ಕೆರೆಯ ಈ ದಡದಿಂದ ಆ ದಡಕ್ಕೆ ಹೋಗಿಬರುತ್ತಿದ್ದೆ, ಓಣಿಯ ಗಂಡುಹುಡುಗರೇ ಹಿಂದೆ ಬೀಳುತ್ತಿದ್ದರು. ನಿನಗೀಗ ನಲವತ್ತು ವರ್ಷ. ಅವ್ವಗೆ ಈಜು ಬರುತ್ತದೆಯೇ ಎಂದು ಒಂದು ದಿನವೂ ಕೇಳಲಿಲ್ಲ, ಕೇಳದೆಯೇ ಎಲ್ಲ ತಿಳಿದುಕೊಂಡೆ. ಅಷ್ಟು ಭಕ್ತಿ ಉಕ್ಕಿ ಹರಿದವನ ಸ್ವಂತ ಲಿಂಗ, ಬೆಳ್ಳಿ ಕರಡಿಗೆಯ ಸಮೇತ, ಯುಗಾದಿಯಿಂದಲೂ ನಮ್ಮ ದೇವರ ಮನೆಯ ಮೊಳೆಗೆ ನೇತಾಡುತ್ತಿದೆ. ಧೂಳು ಒರೆಸಿ ಇಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು.

ನಿಮ್ಮಪ್ಪ ವ್ಯಾನಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ನಾನು ಏಳು ಜೊತೆ ಚಪ್ಪಲಿ, ನಾಲ್ಕು ಫೋನು, ನಿಮ್ಮ ಕೈಗಡಿಯಾರಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಬೋಟಿನವರು ಆಟಕ್ಕೆಂದೇ ನಿಮ್ಮನ್ನು ನೀರಿಗೆ ಮಗುಚಿದಾಗ, ಅಂಥ ಜಾಕೆಟ್ ತೊಟ್ಟಿದ್ದೂ "ಅವ್ವಾ" ಎಂದು ಕೂಗಿದವನು ನೀನೇ. ದಡದವರೆಗೂ ಕೇಳಿಸಿತು. ಎದ್ದು ಎರಡು ಹೆಜ್ಜೆ ಓಡಿದವಳು ಚಪ್ಪಲಿಗಳ ನೆನಪಾಗಿ ಮತ್ತೆ ಬಂದು ಕೂತೆ. ನನ್ನ ಅವಸ್ಥೆಗೆ ನನಗೇ ಹೇಸಿಗೆಯಾಯಿತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನುಂಗಿ ಅಭ್ಯಾಸವಿದೆ. ಆದರೆ ನನ್ನ ಪಕ್ಕದಲ್ಲಿ ಗಂಗಾಶ್ರೀಯನ್ನೂ ತಂದು ಕೂರಿಸಿದೆಯಲ್ಲ, ಅದನ್ನು ಮಾತ್ರ ನಾನು ಬಿಡುವುದಿಲ್ಲ. "ದೊಡ್ಡಾಕಿ ಆಗಿದಿ, ಒದ್ದೆ ಬಟ್ಟ್ಯಾಗೆ ಮಂದಿ ಮುಂದೆ ಓಡಾಡದು ಬ್ಯಾಡ. ಅಜ್ಜಿ ಜತಿಗೆ ಕುಂತ್ಕ" ಎಂದೆ. ಹೆಂಡತಿಗಿಲ್ಲದ ನಿಯಮ ಹದಿಮೂರು ವರ್ಷದ ಮಗಳಿಗೆ ಎಲ್ಲಿಂದ ಬಂತು? ಅವಳು ಎರಡು ತಾಸು ಮರಳು ಕೆದರುತ್ತಾ ಕೂತಿದ್ದಳು. ನಡುವೆ ಒಮ್ಮೆ ಮೆಲ್ಲಗೆ, "ಅಜ್ಜಿ, ನಿಂಗೆ ಖರೇನೇ ಈಜು ಬರಲ್ಲೇನು?" ಎಂದು ಕೇಳಿದಳು.

ಬರಲ್ಲ ಎಂದೆ. ಮಗನ ಮಾತು ಸುಳ್ಳಾಗಬಾರದೆಂದು ಮೊಮ್ಮಗಳಿಗೆ ಸುಳ್ಳು ಹೇಳಿದೆ. ಅವಳು ತಲೆಯಾಡಿಸಿ ಮತ್ತೆ ಮರಳು ಕೆದರತೊಡಗಿದಳು. ಈ ಸಿಟ್ಟು ಅಂದಿನಿಂದಲೂ ಇದೆ. ಅದರಲ್ಲಿ ಅರ್ಧ ನಿನ್ನ ಮೇಲೆ, ಅರ್ಧ ನನ್ನ ಮೇಲೆಯೇ. ಹುಲಿಯಮ್ಮ ಕೂಡ ಒಂದು ದಿನ, ರೊಟ್ಟಿ ಏನು ತಪ್ಪು ಮಾಡಿತ್ರೀ, ಹಂಗೆ ಬಡೀತೀರಲ್ಲ ಎಂದಳು.

ನಿಮ್ಮಪ್ಪನಿಗೆ ಈ ಕಾಗದ ತೋರಿಸಿಲ್ಲ. ತೋರಿಸಿದರೆ ಹುಡುಗನಿಗೆ ಬೇಜಾರಾಗುತ್ತದೆ, ನಾಲ್ಕು ಸಾಲು ತೆಗೆ ಎನ್ನುತ್ತಾರೆ. ಬೇಜಾರಾಗಲೆಂದೇ ಬರೆದಿದ್ದೇನೆ. ನೀಲಾಂಬಿಕಳಿಗೆ ನನ್ನ ಆಶೀರ್ವಾದ ತಿಳಿಸು, ಕಾಗದವನ್ನು ಅವಳಿಗೂ ಓದಲು ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ಬೈದೆನೆಂದು ಉಪವಾಸ ಬೀಳಬೇಡ.

ನಿನ್ನ ಅವ್ವ,
ಜಗದಾಂಬ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಆನವಟ್ಟಿಯಲ್ಲಿ ನನ್ನ ತಮ್ಮನ ಮನೆ ಗೃಹಪ್ರವೇಶ, ಎಂಟು ದಿನ ಇದ್ದುಬರುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಯಾವ ಗೃಹಪ್ರವೇಶವೂ ಇರಲಿಲ್ಲ. ಅವನ ಹೊಲದಲ್ಲಿ ಮೆಟ್ಟಿಲಿಳಿಯುವ ಬಾವಿಯಿದೆ. ಗಂಗಾಶ್ರೀಗೆ ನನ್ನ ಈಜಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿ, ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ನಾನೂ ನೀರಿಗಿಳಿದೆ. ಅಪ್ಪಗೆ ಹೇಳಬೇಡಜ್ಜಿ ಎಂದು ಕೈಮುಗಿದಳು. ನಿನ್ನ ಹೆದರಿಕೆ ಅವಳಿಗಿದೆ, ನನಗಿಲ್ಲ. ಅವಳನ್ನು ಕರೆದೊಯ್ಯಲು ಬಂದಾಗ ಒಂದು ಮಾತು ಗದರಿದರೂ ನಾನು ಕಳಿಸುವವಳಲ್ಲ. ಏಳನೆಯ ದಿನದವರೆಗೂ ಹಗ್ಗದ ತುದಿ ನನ್ನ ಮುಷ್ಟಿಯಲ್ಲೇ ಇತ್ತು. ಎಂಟನೆಯ ದಿನ ಅವಳೇ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಬಾವಿಯನ್ನು ಎರಡು ಸುತ್ತು ಹಾಕಿದಳು.