ಮೊಳ ಹೂವು, ಸೈಕಲ್ ಕತ್ತು

೨೦-೨-೯೫, ಸೋಮವಾರ

ಭುಜ ಮತ್ತೆ ನೋವು. ಅಮೃತಾಂಜನ ಹಚ್ಚಿಕೊಂಡು ಬರೀತಿದೀನಿ, ಘಾಟಿಗೆ ಕಣ್ಣಲ್ಲಿ ನೀರು. ತಪ್ಪೆಲ್ಲ ಸೈಕಲ್ಲಿಂದು. ಅಣ್ಣ ನಾಗಮಂಗಲದಿಂದ ಹಳೇ ಲೇಡೀಸ್ ಸೈಕಲ್ ತಂದುಕೊಟ್ಟಿದ್ದೇನೋ ಸರಿ. ಅದನ್ನ ಮೊದಲು ಓಡಿಸ್ತಿದ್ದವಳು ಎಂಥಾ ಉದ್ದ ಇದ್ದಳೋ! ಸೀಟು ಇಳಿಸಿದ್ದಾಯ್ತು. ಹ್ಯಾಂಡಲ್ ಮಾತ್ರ ದೂರ... ಬಗ್ಗಿ, ಚಾಚಿ ಹಿಡೀಬೇಕು. ಬಗ್ಗಿದರೆ ಸೆರಗು ಜಾರುತ್ತೆ. ಸೆರಗಿಗೆ ಕೈ ಹಾಕಿದರೆ ಸೈಕಲ್ಲು ನಾಲೆ ಕಡೆ ತಿರುಗುತ್ತೆ. ಟೀ ಅಂಗಡಿ ಮುಂದೆ ಕೂತಿರೋರಿಗೆ ದಿನಾ ಬಿಟ್ಟಿ ಸಿನಿಮಾ.

ಆದರೂ ಬಿಡೋ ಹಾಗಿಲ್ಲ. ಕಿರಂಗೂರಿಂದ ನಮ್ಮ ಸ್ಕೂಲಿಗೆ ನಾಲೆ ಏರಿ ಮೇಲೆ ದಾರಿ. ಬಸ್ಸಿಲ್ಲ. ಟೀಚರ್ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿಲ್ಲ. ಮದುವೆಯಾಗಿ ಅದಕ್ಕೂ ಕಡಿಮೆ.

ಇವರು ಬಂದಾಗ ಕತ್ತಲಾಗಿತ್ತು. ಕೆ.ಆರ್.ಪೇಟೆ–ಶ್ರೀರಂಗಪಟ್ಟಣ ಪ್ರೈವೇಟ್ ಬಸ್ಸಿನ ಕಂಡಕ್ಟರು. ಬೆಳಗಿಂದ ‘ರೈಟ್ ರೈಟ್, ಒಳಗ್ ನಡೀರಿ’ ಅಂತ ಕೂಗಿ ಕೂಗಿ ಮಾತೆಲ್ಲ ಬಸ್ಸಲ್ಲೇ ಖಾಲಿ ಮಾಡಿ ಬರ್ತಾರೆ. ಮನೇಲಿ ಬರೀ ‘ಊಂ’. ನನ್ನ ಹೆಸರು ಹಿಡಿದು ಇದುವರೆಗೆ ಕರೆದಿಲ್ಲ. ‘ಇಲ್ನೋಡು’ — ಅದೇ ನನ್ನ ಹೆಸರು. ಚಲುವಮ್ಮ ಅನ್ನೋದೂ ಅಷ್ಟಕ್ಕಷ್ಟೆ ಬಿಡು, ಅಜ್ಜೀದು. ಆರಡಿ ಮನುಷ್ಯನಿಗೆ ಚಿಕ್ಕಸ್ವಾಮಿ ಅಂತ ಇಟ್ಟೋರು ಇನ್ನೂ ಜಾಣರು.

೨೩-೨-೯೫

ಬಿದ್ದೆ.

ಕಬ್ಬಿನ ಗಾಡಿ ಎದುರು ಬಂತು. ತಿರುಗಿಸೋಕೆ ಹೋದರೆ ಕೈ ಎಟುಕಲಿಲ್ಲ. ನಾಲೆಗೆ ಬೀಳದೆ ಏರಿಯ ಈಚೆಗೆ ಉರುಳಿದ್ದು ಪುಣ್ಯ. ಮಂಡಿ ತರಚಿದೆ. ಮಕ್ಕಳ ಸ್ಲೇಟು ಎರಡು ಒಡೆದವು.

ಅತ್ತೆ ಅರಿಶಿನ ಹಚ್ಚುತ್ತಾ, “ಸಾಕು ಕಣವ್ವ ಈ ಕೆಲ್ಸ. ನೀರಿಗೆ ಬಿದ್ದಿದ್ರೆ ಏನ್ ಗತಿ? ನಾವೇನ್ ಉಣ್ಣಕಿಲ್ದೆ ಕಳಿಸಿದ್ದೀವಾ? ಈ ತಿಂಗ್ಳು ಮುಗಿಸ್ಬುಟ್ಟು ಮನೇಲಿರು” ಅಂದರು. ಬೈಗುಳವಾಗಿದ್ದರೆ ಎದುರು ಹೇಳ್ತಿದ್ದೆ. ಅವರೋ ಗಾಯಕ್ಕೆ ಊದುತ್ತಾ ಹೇಳಿದರು.

ಇವರ ಮುಖ ನೋಡಿದೆ. ಹೋಗಲಿ ಅಂತಾರಾ, ಬೇಡ ಅಂತಾರಾ... ಎದ್ದು ಹೋಗಿ ಸೈಕಲ್ ಹ್ಯಾಂಡಲ್ ಅಲ್ಲಾಡಿಸಿದರು. “ಕೈ ಎಟುಕ್ತಿರ್ಲಿಲ್ವಾ?”

“ಊಂ.”

ಅಷ್ಟೇ. ಊಟಕ್ಕೆ ಕೂತರು.

ಅತ್ತೆ ಮಾತಿಗೆ ಇವರೂ ಸೇರಿಬಿಟ್ಟರೆ ಕೆಲಸ ಹೋದ ಹಾಗೇ. ಒಂದನೇ ಕ್ಲಾಸಿನವು ಈಗ ತಾನೆ ಒತ್ತಕ್ಷರ ಶುರು ಮಾಡಿವೆ. ಅಳು ಬರ್ತಿದೆ, ಅಮೃತಾಂಜನದ ಘಾಟಿಗಲ್ಲ.

೨೮-೨-೯೫, ಮಂಗಳವಾರ

ಇವತ್ತು ಹೂವ ತಂದರು!! ಮಲ್ಲಿಗೆ. ಬಾಳೆ ಎಲೆ ಪೊಟ್ಟಣದಲ್ಲಿ. ಮದುವೆಯಾದ ಮೇಲೆ ಇದೇ ಮೊದಲು. ಅಡಿಗೆ ಮನೆ ಬಾಗಿಲಲ್ಲಿ ನಿಂತು ನೀಡಿದರು, ಟಿಕೆಟ್ ಕೊಟ್ಟ ಹಾಗೆ.

“ಇಲ್ನೋಡು, ಎಷ್ಟ್ ಮೊಳ ಐತೆ ಅಳಿ. ಹೂವಿನೋಳು ಮೋಸ ಮಾಡವ್ಳೋ ಏನೋ.”

ಕೈ ತೊಳೆದು ಬಂದೆ. ಮೊಳಕೈಯಿಂದ ನಡುಬೆರಳ ತುದಿಗೆ ಹಿಡಿದು ಅಳೆದೆ. ನನ್ನ ಮೊಳದಲ್ಲಿ ನಾಲ್ಕು.

“ಇನ್ನೊಂದ್ಸಲ. ಸರ್ಯಾಗಿ ಇಡ್ಕೊ, ಸಡ್ಲ ಬುಡ್ಬ್ಯಾಡ.” ಮುಖ ಹತ್ತಿರ ತಂದು ನೋಡ್ತಿದ್ದರು. ಬೀಡಿ ವಾಸನೆ ಇಲ್ಲ, ಬಿಟ್ಟಿದಾರಾ? ಕೇಳದಿದ್ದರೂ ನಾನು ಮೂರನೇ ಸಲವೂ ಅಳೆದೆ.

ಆಮೇಲೆ ಏನು ಮಾಡಿದರು ಅಂದರೆ — ಸರಿಯಾಗಿ ಒಂದು ಮೊಳ ಕತ್ತರಿಸಿಕೊಂಡು, ಎಲೇಲಿ ಸುತ್ತಿ, ಅಂಗಿ ಜೇಬಿಗೆ ಹಾಕಿಕೊಂಡರು. ‘ಅದ್ಯಾರಿಗೆ?’ ನಾಲಗೆ ತುದಿಗೆ ಬಂತು. ಕೇಳಲಿಲ್ಲ. ದೇವರಿಗಿರಬೇಕು.

೧-೩-೯೫

ದೇವರಿಗಲ್ಲ. ಪಟದ ಮೇಲೆ ನಿನ್ನೆಯ ದಾಸವಾಳವೇ ಇದೆ.

ಸೈಕಲ್ಲೂ ಇಲ್ಲ. “ಬೆಳಗಾಗೆ ತಳ್ಕಂಡೋದ ಕಣವ್ವ. ಬಸ್ಸಿನ ಮ್ಯಾಲಾಕಿದ್ನಂತೆ” ಅಂದರು ಅತ್ತೆ. ಯಾಕೆ ಅಂತ ಅವರಿಗೂ ಹೇಳಿಲ್ಲ.

ಮಾರಿಬಿಟ್ಟರು. ಬಾಯಲ್ಲಿ ಬೇಡ ಅನ್ನೋಕೆ ಆಗದೆ ಹೀಗೆ ಮಾಡಿದಾರೆ.

ಮಿಕ್ಕ ಮೂರು ಮೊಳ ಮುಡೀಲಿಲ್ಲ. ಕನ್ನಡಿ ಮೊಳೆಗೆ ನೇತು ಹಾಕಿದೀನಿ. ಒಣಗಲಿ.

೩-೩-೯೫

ಮೂರು ದಿನದಿಂದ ನಡೆದೇ ಹೋಗ್ತಿದೀನಿ. ಇವತ್ತೂ ಪ್ರಾರ್ಥನೆ ಮುಗಿದಿತ್ತು. ಹೆಡ್ ಮೇಷ್ಟ್ರು ಗಡಿಯಾರ ನೋಡಿದರು, ನನ್ನ ನೋಡಲಿಲ್ಲ.

ಇವರ ಬಸ್ಸಲ್ಲಿ ಕೆ.ಆರ್.ಪೇಟೆಯಿಂದ ಒಬ್ಬಳು ನರ್ಸ್ ಬರ್ತಾಳಂತೆ. ದಿನಾ ಮುಂದಿನ ಸೀಟು. ಮೊದಲೊಂದು ಸಲ ಇವರೇ ಹೇಳಿದ್ದು, ಅವಳು ಚಿಲ್ಲರೆ ಕೊಡೋದೇ ಇಲ್ಲ ಅಂತ. ಅವತ್ತು ನಗು ಬಂದಿತ್ತು. ಈಗ ಅವಳ ಮುಡಿ ಎಷ್ಟು ಉದ್ದ ಇರಬಹುದು ಅಂತ ಯೋಚನೆ. ಥೂ, ನಾನು ಇಂಥವಳಾ?

ಇವರಿಗೆ ಊಟ ಬಡಿಸಿಟ್ಟು, ಗೋಡೆ ಕಡೆ ತಿರುಗಿ ಮಲಗಿದೆ.

೪-೩-೯೫, ಶನಿವಾರ

ಎಲ್ಲಿಂದ ಶುರು ಮಾಡಲಿ...

ಬೆಳಗಿನ ಸ್ಕೂಲು. ಮುಗಿಸಿ ಅತ್ತೆ ಕನ್ನಡಕದ ಕಡ್ಡಿ ಹಾಕಿಸೋಕೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಗೌಸ್ ಸಾಹೇಬರ ಸೈಕಲ್ ಅಂಗಡಿ. ಅಂಗಡಿ ಮುಂದೆ ನನ್ನ ಸೈಕಲ್ಲು. ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಬಿಗಿಯಾಗಿ ಕಟ್ಟಿದ್ದ ಏನೋ ಒಂದು ಕಂದು ಎಳೆ. ಹತ್ತಿರ ಹೋದೆ. ಮಲ್ಲಿಗೆ. ಒಣಗಿ ಕರಕಲಾದ ಒಂದು ಮೊಳ ಮಲ್ಲಿಗೆ.

“ಈ ಸೈಕಲ್ ಯಾರದು?” ಗೊತ್ತಿದ್ದೂ ಕೇಳಿದೆ.

“ಕಂಡಕ್ಟರ್ ಚಿಕ್ಕಸ್ವಾಮಿ ಹೆಂಡ್ತೀದಮ್ಮ, ಟೀಚರು. ಹ್ಯಾಂಡ್ಲು ದೂರ ಆಯ್ತದಂತೆ ಪಾಪ, ಬೇಚಾರಿಗೆ.”

“ನಾನೇ ಆ ಬೇಚಾರಿ.”

ಗೌಸ್ ಸಾಹೇಬರು ಸ್ಪ್ಯಾನರ್ ಕೆಳಗಿಟ್ಟು ನಕ್ಕೇ ನಕ್ಕರು. “ಅರೆ, ಬನ್ನಿ ಬನ್ನಿ! ನೋಡಿ, ಹ್ಯಾಂಡ್ಲು ಅದೇ. ಅದನ್ನ ಹಿಡ್ಕೊಂಡಿರೋ ಈ ಕತ್ತು ಐತಲ್ಲ, ಹಳೇದು ಮುಂದಕ್ಕೆ ಚಾಚ್ಕೊಂಡಿತ್ತು. ಗಿಡ್ಡ ಕತ್ತು ಹಾಕ್ಬೇಕು. ಎಷ್ಟು ಗಿಡ್ಡ? ಸೀಟಿನ ಮೂತಿಗೆ ಮೊಳಕೈ ಇಟ್ರೆ ನಡುಬೆರಳು ಹ್ಯಾಂಡ್ಲಿಗೆ ತಾಕ್ಬೇಕು. ಅವ್ರವ್ರ ಮೊಳ ಅವ್ರವ್ರಿಗೆ. ಕರ್ಕೊಂಡ್ ಬಾರಯ್ಯ ಅಂದೆ ನಿಮ್ಮೆಜಮಾನ್ರಿಗೆ. ‘ಅವ್ಳು ಟೀಚರು ಸಾಬ್ರೇ, ಬಸ್ ಸ್ಟ್ಯಾಂಡಲ್ಲಿ ನಿಲ್ಸಿ ಕೈ ಅಳೆಯಕಾಯ್ತದಾ’ ಅಂದ್ರು. ಸರಿ, ದಾರದಲ್ಲಿ ಅಳತೆ ತಗೊಂಡ್ ಬಾ ಅಂದೆ. ದಾರ ಅಂದಿದ್ದು ನಾನು! ಹೂವ ತಂದವ್ರೆ!”

ಅಲ್ಲೇ ಅತ್ತುಬಿಡ್ತೀನೇನೋ ಅನ್ನಿಸ್ತು. ದಾರ ಹಿಡಿದು ಬಂದರೆ ಯಾಕೆ ಅಂತ ಹೇಳಬೇಕಲ್ಲ. ಹೇಳೋಕೆ ಮಾತು ಬೇಕಲ್ಲ ಆ ಮನುಷ್ಯನಿಗೆ.

ಮೈಸೂರಿಂದ ನಿನ್ನೆ ತಾನೆ ಬಂತಂತೆ ಗಿಡ್ಡ ಕತ್ತು. “ಎಂಗೂ ಬಂದಿದ್ದೀರ. ಒಂದ್ಸಲ ಮೊಳಕೈ ಇಟ್ಟು ನೋಡ್ಬುಡಿ, ಪಕ್ಕಾ ಆಯ್ತದೆ” ಅಂದರು.

“ಬೇಡ ಸಾಹೇಬ್ರೆ. ಅವರು ತಂದ ಅಳತೆನೇ ಇರಲಿ. ನಾನು ಬಂದಿದ್ದೆ ಅಂತ ಹೇಳಬೇಡಿ.”

ಮನೆಗೆ ಬಂದು ನರ್ಸಮ್ಮನಿಗೆ ತಪ್ಪಾಯ್ತು ಅಂತ ಮನಸ್ಸಲ್ಲೇ ಕೈ ಮುಗಿದೆ.

೫-೩-೯೫, ಭಾನುವಾರ

ಸೈಕಲ್ ಬಂತು. ತೊಳೆದು, ಎಣ್ಣೆ ಬಿಟ್ಟು, ಹೊಸ ಬೆಲ್ಲು ಬೇರೆ.

“ಮತ್ಯಾಕ್ಲಾ ತಂದೆ ಇದ್ನ?” ಅತ್ತೆ ಜಗಲಿ ಮೇಲಿಂದ.

“ಅವ್ಳು ಓಗ್ಲಿ ಬುಡವ್ವ. ಮಕ್ಳು ಕಾಯ್ತಿರ್ತವೆ.”

ಇಷ್ಟು ದಿನ ನಾನು ಕಾದಿದ್ದ ಮಾತು ಇದು. ಇಷ್ಟು ಸಲೀಸಾಗಿ, ಚಪ್ಪಲಿ ಬಿಡುತ್ತಾ ಹೇಳಿಬಿಟ್ಟರು. ಅತ್ತೆ ಗೊಣಗಿದರು, ಆದರೆ ಹೊಸ ಬೆಲ್ಲು ಒಂದು ಸಲ ಒತ್ತಿ ನೋಡಿದರು. ನಾನು ಕಂಡೆ.

“ಇಲ್ನೋಡು. ಸರ್ಯಾಯ್ತಾ ಕತ್ತು?” ಅಂದರು ನನಗೆ.

“ಹೇಳಿ ಮಾಡಿಸಿದಂಗಿದೆ” ಅಂದೆ. ಹತ್ತಿ ನೋಡಿರಲಿಲ್ಲ ಇನ್ನೂ.

೮-೩-೯೫

ಸರಿ ಇಲ್ಲ! ಬೆನ್ನು ನೆಟ್ಟಗೆ ನಿಲ್ಲುತ್ತೆ, ಸೆರಗು ಇದ್ದಲ್ಲೇ ಇರುತ್ತೆ, ಭುಜ ನೋವಿಲ್ಲ. ಅದೆಲ್ಲ ನಿಜ. ಆದರೆ ಹ್ಯಾಂಡಲ್ ಈಗ ತೀರಾ ಹತ್ತಿರ. ತಿರುವಲ್ಲಿ ಮಂಡಿಗೆ ತಗಲುತ್ತೆ, ತರಚಿದ ಜಾಗಕ್ಕೇ. ಇವತ್ತು ಏರಿ ಮೇಲೆ ಮತ್ತೆ ಓಲಾಡಿದೆ. ನೀರು ಕಾಣಿಸ್ತು. ಇನ್ನೊಂದು ಸಲ ಬಿದ್ದರೆ ಅತ್ತೆ ಖಂಡಿತ ಬಿಡಲ್ಲ.

ಅಳತೆ ಎಲ್ಲಿ ತಪ್ಪಿತು? ಮೂರು ಸಲ ಅಳೆದಿದ್ದೆ.

ಕನ್ನಡಿ ಮೊಳೇಲಿ ಒಣಗ್ತಿರೋ ಹೂವ ತಗೊಂಡು ಕೈಗೆ ಹಿಡಿದು ನೋಡಿದೆ. ಮೂರು ಮೊಳ ಇದ್ದದ್ದು ಮೂರಕ್ಕೆ ಬರಲಿಲ್ಲ! ಬಾಳೆನಾರು. ಹಸಿ ಇದ್ದಾಗ ಕಟ್ಟಿದ್ದು, ಒಣಗಿ ಸೇದಿಕೊಂಡಿದೆ. ಗೌಸ್ ಸಾಹೇಬರು ದಾರ ಅಂದಿದ್ದು ಅದಕ್ಕೇ. ಮೊಳಕೈ ಇಟ್ಟು ನೋಡಿ ಅಂದಾಗ ದೊಡ್ಡ ಮನಸ್ಸಿನವಳ ಹಾಗೆ ಬೇಡ ಅಂದವಳು ನಾನು.

ಹೇಳಲಾ? ಪಾಪ, ಎಷ್ಟು ಆಸೆಯಿಂದ ಮಾಡಿಸಿದಾರೆ. ಹೇಳದೇ ಇರಲಾ? ಮಂಡಿ ಕೇಳಬೇಕಲ್ಲ.

೯-೩-೯೫

ಹೇಳಿದೆ. ಊಟ ಬಡಿಸುತ್ತಾ, ಮುದ್ದೆ ಇಡುತ್ತಾ, ಮುಖ ನೋಡದೆ.

“ಕತ್ತು ಸರಿ ಇಲ್ಲ ಕಣ್ರೀ. ಹೂವ ಒಣಗಿ ಚಿಕ್ಕದಾಗಿತ್ತು.”

ಮುದ್ದೆ ಮುರೀತಿದ್ದ ಕೈ ನಿಂತಿತು. ನನ್ನ ಬಾಯಿ ತಪ್ಪಿದ್ದು ಆಗ ಗೊತ್ತಾಯ್ತು. ಹೂವಿನ ವಿಷಯ ನನಗೆ ಗೊತ್ತಿರಬಾರದಿತ್ತಲ್ಲ!

“ಗೌಸ್ ಸಾಬ್ರು ಯೋಳುದ್ರಾ?”

“ನಾನೇ ನೋಡಿದೆ.”

ಕಿವಿ ಕೆಂಪಗಾಯ್ತು ಇವರದ್ದು. ಆಮೇಲೆ ನಗು. ಜೋರಾಗಿ, ಬಸ್ಸಲ್ಲಿ ಕೂಗೋ ಗಂಟಲಲ್ಲಿ. ಈ ಮನೇಲಿ ಆ ಗಂಟಲು ನಾನು ಕೇಳಿದ್ದು ಇವತ್ತೇ. ನನಗೂ ತಡೆಯೋಕಾಗಲಿಲ್ಲ. “ಏನ್ಲಾ ಅದು ನಗು? ಉಣ್ಣುವಾಗ ನೆತ್ತಿಗತ್ತೀತು” ಅಂದರು ಅತ್ತೆ ಹಿತ್ತಲಿಂದ.

ನಾನು ಅವರಿಗೊಂದು ದಾರದುಂಡೆ ತೋರಿಸಿದೆ, ಕಪಾಟಲ್ಲಿದ್ದದ್ದು. “ಇದರಲ್ಲೇ ಅಳತೆ ತಗೊಳ್ಳಿ, ಈಗಲೇ.”

“ದಾರ ಬ್ಯಾಡ” ಅಂದರು. “ನಾಳೆ.”

೧೦-೩-೯೫, ಸಂಜೆ

ಸೈಕಲ್ ಮನೇಲೇ ಬಿಟ್ಟು ನಡೆದು ಹೋಗಿ ಬಂದೆ. ಇವರೇ ಹೇಳಿ ಹೋಗಿದ್ದರು, ಕತ್ತು ಸರಿಯಾಗೋವರೆಗೆ ಹತ್ತಬೇಡ ಅಂತ. ಕಾಲು ನೋವು, ಆದರೂ ದಾರೀಲಿ ಹಾಡಿಕೊಂಡೇ ಬಂದೆ.

ಮೊಳಕೈವರೆಗೆ ಕೈ ತೊಳೆದು ಕೂತಿದೀನಿ. ಗಾಜಿನ ಬಳೆ ಹಿಂದಕ್ಕೆ ಸರಿಸಿದೀನಿ, ಅಳತೆಗೆ ಅಡ್ಡ ಬರದೇ ಇರಲಿ ಅಂತ. ಅತ್ತೆ ನೋಡಿ, “ಯಾಕವ್ವ, ಬಳೆ ತೊಡಿಸೋರು ಬತ್ತಾವ್ರಾ?” ಅಂದರು. ಹೌದು ಅತ್ತೆ ಅಂದೆ.

ಬಸ್ಸಿನ ಹಾರ್ನು. ಸ್ಟಾಪಲ್ಲಿ ಇಳಿದಿರಬೇಕು. ಇಷ್ಟು ಹೊತ್ತಿಗೆ ಹುಣಸೇಮರ ದಾಟಿರ್ತಾರೆ... ಜಗಲಿ ಹತ್ತಿರ ಚಪ್ಪಲಿ ಸದ್ದು. ಮಲ್ಲಿಗೆ ವಾಸನೆ ಮೊದಲು ಬಂತು, ಈ ಸಲ ದಾರದಲ್ಲಿ ಕಟ್ಟಿಸಿರಬೇಕು.

ಕರೀತಿದಾರೆ. ‘ಇಲ್ನೋಡು’ ಅಂತಲ್ಲ. ಹೆಸರು ಹಿಡಿದು! ಚಲುವಾ, ಕೈ ತಾ, ಅಂತ. ನನ್ನ ಹೆಸರು ಇಷ್ಟು ಚೆಂದ ಅಂತ...