ಪೂರ್ತಿ ಖರಾಬು

೭ ಜುಲೈ ೨೦೦೩, ಸೋಮವಾರ

ಮತ್ತೆ ಟಪಾಲು, ಮತ್ತೆ ಸಕ್ಕರೆ ಜಾಸ್ತಿಯಾದ ಟೀ. ಬೆಳಗ್ಗೆಯಿಂದ ಮೂರು ಡ್ರಾಫ್ಟ್. ಒಂದಕ್ಕೂ ತಿದ್ದುಪಡಿ ಇಲ್ಲ. ಕಂದಾಯ ಕಚೇರಿಯ ಹನ್ನೊಂದು ವರ್ಷದ ಸರ್ವೀಸಿನಲ್ಲಿ ನನ್ನ ಬರವಣಿಗೆಗೆ ಕೆಂಪು ಇಂಕು ತಾಗಿದ್ದು ಎರಡೇ ಸಲ. ಎರಡೂ ಸಲ ತಪ್ಪು ಸಾಹೇಬರದ್ದೇ.

ಮಧ್ಯಾಹ್ನ ಮ್ಯಾನೇಜರ್ ರುದ್ರೇಶ್ ಕರೆದರು. ಮುಚ್ಚಿಹೋದ ಫ್ಯಾಕ್ಟರಿಗಳ ವಿಷ ಹಿಡಿದ ಜಾಗ ಶುದ್ಧ ಮಾಡಲು ಸರ್ಕಾರ ಹಣ ಕೊಡುತ್ತದಂತೆ. ಹೊಸ ಸ್ಕೀಮು. ಪ್ರಸ್ತಾವನೆ ಹೋಗಬೇಕು.

"ಗಿಲೀಟು ಫ್ಯಾಕ್ಟರಿ ನಿಮಗೆ ಗೊತ್ತಲ್ಲ, ನೀವೇ ಬರೀರಿ ಸಿದ್ಧಾರ್ಥ."

ಗೊತ್ತಿಲ್ಲದೆ ಏನು. ಅಮ್ಮ ಸತ್ತ ಮೇಲೆ ಬೆಳೆದದ್ದೇ ಅದರ ಕಾಂಪೌಂಡಿಗೆ ಆತುಕೊಂಡ ದೊಡ್ಡಮ್ಮನ ಮನೆಯಲ್ಲಿ. ಸೈಕಲ್ ಹ್ಯಾಂಡಲ್ಲಿಗೆ ಹೊಳಪು ಹಾಕುತ್ತಿದ್ದ ಫ್ಯಾಕ್ಟರಿ. ಮುಚ್ಚಿ ಒಂಬತ್ತು ವರ್ಷ. ಮಾಲೀಕ ತೊಟ್ಟಿಯಲ್ಲಿದ್ದ ಆಸಿಡ್ಡು, ಕೆಸರು ಎಲ್ಲ ಅಲ್ಲೇ ಬಿಟ್ಟು ಕಾಲ್ಕಿತ್ತ. ಅವನ ಕೆಲಸಗಾರರು ಗೋಡೆ ಪಕ್ಕ ಕಟ್ಟಿಕೊಂಡ ಹನ್ನೊಂದು ಮನೆ ಮಾತ್ರ ಉಳಿದವು. ಕಂದಾಯದ ರಸೀತಿ ಇದೆ, ಹಕ್ಕುಪತ್ರ ಇಲ್ಲ.

೮ ಜುಲೈ, ಮಂಗಳವಾರ

ಜಾಗ ನೋಡಿಬಂದೆ. ಬೋರ್‌ವೆಲ್ ನೀರು ಇನ್ನೂ ಹಳದಿ. ದೊಡ್ಡಮ್ಮನ ಬೆರಳ ಸಂದಿಯಲ್ಲಿ ಹುಣ್ಣು. ಮುಲಾಮು ಹಚ್ಚಿದರೆ ಒಣಗುತ್ತದೆ, ಪಾತ್ರೆ ತೊಳೆದರೆ ಮತ್ತೆ ಏಳುತ್ತದೆ.

"ಒಗದ್ರೆ ಬಟ್ಟೆನೂ ಹಳ್ದಿ ಕಣ್ಲಾ. ನೋಡ್ದೋರು ಮದ್ವೆ ಮನೆ ಅನ್ಕತಾರೆ."

ನಗಿಸಲು ಹೇಳಿದಳು. ನನಗೆ ನಗು ಬರಲಿಲ್ಲ.

ಪಕ್ಕದ ಮನೆ ಚಲುವಯ್ಯ ಹನ್ನೆರಡು ವರ್ಷ ಫ್ಯಾಕ್ಟರಿಯ ಆಸಿಡ್ ತೊಟ್ಟಿಯ ಮುಂದೆ ನಿಂತವರು. ಮೂಗಿನ ಒಳಗಿನ ನಡುಗೋಡೆ ತೂತಾಗಿದೆ. "ನೆಗ್ಡಿ ನನ್ನ ಬುಟ್ಟಿಲ್ಲ, ನಾನು ನೆಗ್ಡಿ ಬುಟ್ಟಿಲ್ಲ. ಈಗೇನು ಬಂದು ಮಣ್ಣೆತ್ತಾರಾ ಸಿದ್ದಾರ್ತಪ್ಪ?"

ಎತ್ತುತ್ತಾರೆ ಎಂದೆ. ನಲ್ಲಿ ನೀರೂ ಬರುತ್ತದೆ ಎಂದೆ. ಮಾತು ಕೊಟ್ಟ ಹಾಗೇ ಆಯಿತು.

೧೧ ಜುಲೈ, ಶುಕ್ರವಾರ

ಪ್ರಸ್ತಾವನೆ ಹೋಯಿತು. ನಾಲ್ಕು ಪುಟ. ಹನ್ನೊಂದು ಮನೆ, ನಲವತ್ತೆಂಟು ಜನ, ಹುಣ್ಣು, ಮೂಗು — ಒಂದೂ ಬಿಟ್ಟಿಲ್ಲ. ಕೊನೆಗೆ ಒಂದು ಫಾರಂ. ಅದರಲ್ಲಿ ಒಂದು ಕಾಲಂ: "ಜಮೀನಿನ ಹಾಲಿ ಸ್ಥಿತಿ." ಬೆರಳಗಲದ ಜಾಗ. ಕಲುಷಿತ, ವಿಷಯುಕ್ತ ಎಂದೆಲ್ಲ ಬರೆಯಲು ಹೋದೆ, ಹಿಡಿಸಲಿಲ್ಲ. "ಪೂರ್ತಿ ಖರಾಬು" ಎಂದು ಬರೆದೆ. ದೊಡ್ಡಮ್ಮ ನೀರಿನ ಬಗ್ಗೆ ಹೇಳುವ ಮಾತೇ ಅದು. ಎರಡೇ ಪದದಲ್ಲಿ ಇಡೀ ಕಥೆ. ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

೨೦ ಅಕ್ಟೋಬರ್, ಸೋಮವಾರ

ಮಂಜೂರು! ಬೆಂಗಳೂರಿಂದ ಫೋನು. ಆದೇಶ ನಾಳೆ ಬರುತ್ತದಂತೆ. ತಡೆಯಲಾಗದೆ ಮಧ್ಯಾಹ್ನವೇ ಹೋಗಿ ಹೇಳಿದೆ. ದೊಡ್ಡಮ್ಮ ಆಚೆ ಬೀದಿ ನಲ್ಲಿಯಿಂದ ನೀರು ತಂದು ಪಾಯಸ ಮಾಡಿದಳು. ಬೀದಿಗೆಲ್ಲ ಸಾರಿದ್ದೂ ಆಯಿತು — "ನಮ್ ಸಿದ್ದಾರ್ತನೇ ಬರ್ದಿರದು!"

೨೧ ಅಕ್ಟೋಬರ್

ಆದೇಶ ಓದಿದೆ. ಮೂರು ಸಲ ಓದಿದೆ.

"ಪ್ರಸ್ತಾವನೆಯಲ್ಲಿ ತಿಳಿಸಿರುವಂತೆ ಸದರಿ ಜಮೀನು ಪೂರ್ತಿ ಖರಾಬು ಆಗಿರುವುದರಿಂದ ಅಲ್ಲಿ ಅಧಿಕೃತ ವಾಸದ ಪ್ರಶ್ನೆ ಉದ್ಭವಿಸುವುದಿಲ್ಲ. ಕಟ್ಟಡಗಳಿದ್ದಲ್ಲಿ ಒತ್ತುವರಿ ಎಂದು ಪರಿಗಣಿಸಿ, ತೆರವುಗೊಳಿಸಿದ ನಂತರ ಕಾಮಗಾರಿ ಕೈಗೊಳ್ಳತಕ್ಕದ್ದು."

ನಾನು ಬರೆದದ್ದು ಮನೆಮಾತಿನ ಖರಾಬು. ಕೆಟ್ಟುಹೋಗಿದೆ ಅಂತ. ಅವರು ಓದಿದ್ದು ಪಹಣಿಯ ಖರಾಬು. ಸಾಗುವಳಿಗೆ ಬಾರದ, ಯಾರೂ ಇರದ, ಸರ್ಕಾರದ ಜಾಗ. ಹನ್ನೊಂದು ವರ್ಷ ಇದೇ ಕಾಗದಗಳ ನಡುವೆ ಕೂತವನಿಗೆ ಆ ಅರ್ಥ ಹೊಳೆಯಲಿಲ್ಲ. ನಾಲ್ಕು ಪುಟ ಯಾರೂ ಓದಿಲ್ಲ. ಕಾಲಂ ಓದಿದ್ದಾರೆ.

ರುದ್ರೇಶರಿಗೆ ಹೇಳಿದೆ. ಒಳ್ಳೆಯ ಮನುಷ್ಯರೇ. ಬಾಗಿಲು ಮುಂದೆ ಮಾಡಿ ಕೂರಿಸಿದರು.

"ತಪ್ಪು ನನ್ನದು ಅಂತ ರೈಟಿಂಗಲ್ಲಿ ಕೊಟ್ರೆ ಮೆಮೋ ಬರುತ್ತೆ. ಪ್ರಮೋಷನ್ ಲಿಸ್ಟಲ್ಲಿ ಮೂರನೇ ಹೆಸರು ನಿಮ್ದು. ಸುಮ್ನಿರಿ. ಏನಾದ್ರೂ ದಾರಿ ಆಗುತ್ತೆ."

ಸುಮ್ಮನೆ ಬಂದೆ.

೧೭ ನವೆಂಬರ್, ಸೋಮವಾರ

ಸುಮಾರು ಒಂದು ತಿಂಗಳು ಈ ಡೈರಿ ಮುಟ್ಟಿಲ್ಲ. ದಾರಿ ಏನೂ ಆಗಲಿಲ್ಲ. ತೆರವಿನ ನೋಟೀಸಿನ ಡ್ರಾಫ್ಟ್ ನನಗೇ ಬಂತು. ಅಕ್ಷರ ಚೆನ್ನಾಗಿದೆಯಲ್ಲ. ಬರೆದೆ. ತಿದ್ದುಪಡಿ ಇಲ್ಲ.

೧೯ ನವೆಂಬರ್, ಬುಧವಾರ

ಹನ್ನೊಂದು ಬಾಗಿಲಿಗೂ ಅಂಟಿಸಿದರು. ಸಂಜೆ ಹೋದೆ. ದೊಡ್ಡಮ್ಮನಿಗೆ ಓದು ಬರುವುದಿಲ್ಲ. "ಏನ್ ಬರ್ದವ್ರೆ, ಓದ್ಲಾ ಮಗ."

ಅಳತೆಗೆ ಬರುತ್ತಾರೆ ಅಂತ ಇದೆ ಎಂದೆ. ನಂಬಿದಳು. ತಿನ್ನಲು ಕೊಟ್ಟಳು. ತಿಂದೆ. ಥೂ ನನ್ನ.

೨೦ ನವೆಂಬರ್, ಗುರುವಾರ

ಚಲುವಯ್ಯನ ಸೊಸೆ ಮಧುಶ್ರೀ ಎಸ್ಸೆಸ್ಸೆಲ್ಸಿ ಪಾಸು. ನೋಟೀಸನ್ನು, ಅದರಲ್ಲಿದ್ದ ಖರಾಬು ಎಂಬ ಮಾತನ್ನೂ ಅವಳು ಓದಿ ಹೇಳಿದ್ದಾಳೆ. ಹನ್ನೆರಡು ಗಂಟೆಗೆ ದೊಡ್ಡಮ್ಮ ಆಫೀಸಿಗೇ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ನನ್ನ ಟೇಬಲ್ ಮುಂದೆ ನಿಂತಳು. ಕೂರು ಎಂದರೆ ಕೂರಲಿಲ್ಲ.

"ಖರಾಬು ಅಂತ ಬರ್ದೋರು ಯಾರ್ಲಾ?"

ಎಲ್ಲರೂ ಪೆನ್ನು ನಿಲ್ಲಿಸಿದರು.

"ನಾನೇ ದೊಡ್ಡಮ್ಮ."

"ನೀರ್ಗೆ ತಾನೇ ಬರ್ದಿದ್ದು?"

"ನೀರಿಗೆ. ಮಣ್ಣಿಗೆ."

"ಹಂಗಂತ ಅವ್ರಿಗೆ ಯೇಳು ಮತ್ತೆ. ನಮ್ಗಲ್ಲ, ನೀರ್ಗೆ ಅಂತ ಯೇಳು. ಅಷ್ಟು ಯೇಳಕ್ಕೆ ಏನ್ಲಾ ದಾಡಿ ನಿಂಗೆ?"

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಚಪ್ಪಲಿ ಮೆಟ್ಟಿ ಹೋದಳು. ನನಗೆ ಅತ್ತುಬಿಡಬೇಕು ಅನಿಸಿತು. ಬಾತ್‌ರೂಮಿಗೆ ಹೋಗಿ ಅತ್ತೆ.

೨೧ ನವೆಂಬರ್, ಶುಕ್ರವಾರ

ಕೊಟ್ಟೆ. ಒಂದೇ ಪುಟ. "ಸದರಿ ಪದವನ್ನು ಕೆಟ್ಟುಹೋಗಿದೆ ಎಂಬ ಅರ್ಥದಲ್ಲಿ ಬರೆದವನು ನಾನು. ತಪ್ಪು ನನ್ನದು. ಅಲ್ಲಿ ನಲವತ್ತೆಂಟು ಜನ ವಾಸವಿದ್ದಾರೆ. ತೆರವು ನಿಲ್ಲಿಸಿ ಆದೇಶ ತಿದ್ದಬೇಕು." ಸೀಲ್ ಹಾಕಿಸಿ ಒಂದು ಕಾಪಿ ಇಟ್ಟುಕೊಂಡೆ. ರುದ್ರೇಶ್ ಓದಿ ಕನ್ನಡಕ ತೆಗೆದರು. "ಬೆಂಗಳೂರಿಗೆ ಫ್ಯಾಕ್ಸ್ ಮಾಡ್ತೀನಿ. ಆದ್ರೆ ಸೋಮವಾರಕ್ಕೆ ಜೆಸಿಬಿ ಹೇಳಿಯಾಗಿದೆ ಕಣ್ರೀ. ಉತ್ತರ ಬರೋದ್ರೊಳಗೆ..."

೨೪ ನವೆಂಬರ್, ಸೋಮವಾರ — ಬೆಳಗ್ಗೆ ೭-೪೦

ದೊಡ್ಡಮ್ಮನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಜೆಸಿಬಿ ಏಳಕ್ಕೇ ಬಂತು. ಮಣ್ಣು ತೆಗೆಯಲೋ, ಮನೆ ಕೆಡವಲೋ ಎಂದು ಡ್ರೈವರನ್ನು ಕೇಳಿದೆ.

"ಖರಾಬು ಕ್ಲಿಯರ್ ಮಾಡು ಅಂದವ್ರೆ ಸಾ. ಅಷ್ಟೇಯ."

ನನ್ನ ಮಾತು ಅವನ ಬಾಯಿಗೂ ಬಂದಿದೆ. ಕಾಪಿ ತೋರಿಸಿದೆ. ಓದಕ್ಕೆ ಬರಲ್ಲ ಎಂದ. ಓದಿ ಹೇಳಿದೆ. ಈ ಸಲ ಒಂದಕ್ಷರ ಬಿಡದೆ ಓದಿದೆ. "ಸಾಹೇಬ್ರು ಬರ್ಲಿ" ಎಂದ. ಇಂಜಿನ್ ಆಫ್ ಮಾಡಿಲ್ಲ.

ಚಲುವಯ್ಯ ತಮ್ಮ ಬಾಗಿಲಲ್ಲಿ ಕೂತಿದ್ದಾರೆ. ಒಳಗೆ ದೊಡ್ಡಮ್ಮ ಎಂದಿನಂತೆ ಒಲೆ ಹಚ್ಚುತ್ತಿದ್ದಾಳೆ. ಪಾತ್ರೆ ಎತ್ತಿಡು ಎಂದೆ, ಕೇಳಲಿಲ್ಲ. ನನಗೆ ಹೆದರಿಕೆ. ಅಕ್ಷರ ಸೊಟ್ಟ ಬೀಳುತ್ತಿದೆ.

ಕಾಗದದ ಪ್ರಕಾರ ಇಲ್ಲಿ ಯಾರೂ ಇಲ್ಲ. ನಾನು ಏಳುವುದಿಲ್ಲ.

ಜೀಪು ಬಂತು. ರುದ್ರೇಶ್ ಇಳಿಯುತ್ತಿದ್ದಾರೆ. ಕೈಯಲ್ಲಿ ಏನೋ ಕಾಗದ — ಫ್ಯಾಕ್ಸೋ, ನನ್ನ ಮೆಮೋನೋ... ಡ್ರೈವರ್ ಕಡೆಗೆ ಕೈ ಎತ್ತಿ...