ಬಾಟಲಿಯಲ್ಲಿ ಬೆಳೆಯದ ಕ್ರಿಮಿ

ಅಪ್ಪಾ,

ಇವತ್ತು ಗೆದ್ದುಬಿಟ್ಟೆ!

ಮೇಕೆ ಸಾಕುವ ಅಜ್ಜಿಯೊಬ್ಬರ ಹೃದಯದ ಕವಾಟಕ್ಕೆ ಸೋಂಕು. ಕ್ರಿಮಿ ಬೆಳೆಸಿ ನೋಡುವ ನಮ್ಮ ಲ್ಯಾಬಿನ ಬಾಟಲಿಗಳಲ್ಲಿ ಅವರ ರಕ್ತದಿಂದ ಒಂದು ಕ್ರಿಮಿಯೂ ಬೆಳೆಯಲಿಲ್ಲ. "ಏನೂ ಇಲ್ಲ ಅಂತ ಬರೆದು ಮುಗಿಸಿ" ಎಂದರು ದೊಡ್ಡ ಡಾಕ್ಟರು. ನಾನು ಬಿಡಲಿಲ್ಲ, ವಾರ್ಡಿಗೇ ಹೋದೆ.

"ಅಜ್ಜಿ, ಮೇಕೆ ಈಯೋವಾಗ ಕೈ ಹಾಕಿದ್ರಾ?"

"ನಾನಲ್ದೆ ನಿಮ್ಮ ಡಾಕ್ಟ್ರು ಹಾಕ್ತಾರಾ?"

ಮೇಕೆಯಿಂದ ಬರುವ, ಬಾಟಲಿಯಲ್ಲಿ ಬೆಳೆಯದ ಕ್ರಿಮಿಯೊಂದಿದೆ. ಬೇರೊಂದು ರಕ್ತಪರೀಕ್ಷೆಯಲ್ಲಿ ಅದರ ಗುರುತು ಹಿಡಿದೆ. ಔಷಧಿ ಬದಲಾಯಿತು, ಇವತ್ತು ಅಜ್ಜಿಯ ಜ್ವರ ಬಿಟ್ಟಿತು!

ನಮ್ಮ ಕರಿಮೇಕೆ ಈಯುವಾಗ ನೀನು ಅಂಗಿತೋಳು ಮಡಚಿದ್ದೆ. ಪಕ್ಕದಲ್ಲಿ ಗೋಣಿ ಹಿಡಿದು ನಿಂತಿದ್ದವಳು ನಾನು. ನಿನ್ನ ಕೊನೆಯ ಜ್ವರದ ವರದಿಯಲ್ಲಿ "ಏನೂ ಬೆಳೆದಿಲ್ಲ" ಎಂದು ಬರೆದು ಸಹಿ ಹಾಕಿದವಳೂ ನಾನೇ.

ನಾಳೆಯಿಂದ ನಮ್ಮ ಲ್ಯಾಬಿನ ಫಾರಂನಲ್ಲಿ ಮೊದಲ ಪ್ರಶ್ನೆಯೇ ಮೇಕೆಯದು, ಅಪ್ಪಾ.